‘ಶಿರಾಜ್’ ತುಣುಕು ಕಳಿಸಿದ್ದಕ್ಕೆ ಮನೆ ಗುಂಪಿನಲ್ಲಿ ನಡೆದ ಮಾತು

ಹಾಸನದ ನಮ್ಮ ಮನೆಯವರ ಗುಂಪಿಗೆ ಶನಿವಾರ ‘ಶಿರಾಜ್’ ಚಿತ್ರದ ಒಂದು ತುಣುಕು ಹಾಕಿದೆ. 1928ರ ಮೂಕಿ ಚಿತ್ರ. ತಾಜ್ ಮಹಲ್ ಹುಟ್ಟಿದ ಕತೆ. ತುಣುಕಿನಲ್ಲಿ ನಾಯಕನನ್ನು ಆನೆ ಕಾಲಿಗೆ ಹಾಕಲು ತಂದಿರುತ್ತಾರೆ.

ದೊಡ್ಡಪ್ಪ: ಪುಟ್ಟಿ, ಇದನ್ನು ತೆಗೆದುಬಿಡು. ನಾನು ಪೂರ್ತಿ ನೋಡಿದ್ದೇನೆ. ಮುಮ್ತಾಜ್ ಕುಂಬಾರರ ಮನೆಯಲ್ಲಿ ಬೆಳೆದು, ಗುಲಾಮಳಾಗಿ ಮಾರಾಟವಾದಳು ಅಂತ ತೋರಿಸಿದ್ದಾರೆ. ಅವಳು ಆಸಫ್ ಖಾನನ ಮಗಳು. ನೂರ್‌ಜಹಾನ್ ಅವಳಿಗೆ ಸೋದರತ್ತೆ. ಮದುವೆ 1612ರಲ್ಲಿ. 1631ರಲ್ಲಿ ಬುರ್ಹಾನ್‌ಪುರದಲ್ಲಿ 14ನೇ ಹೆರಿಗೆಯಲ್ಲಿ ತೀರಿಕೊಂಡಳು. ತಾಜ್ ಕಟ್ಟಿದವನು ಅಂತ ಉಸ್ತಾದ್ ಅಹ್ಮದ್ ಲಾಹೋರಿ ಹೆಸರು ಹೇಳುತ್ತಾರೆ. ಇಲ್ಲಿ ಆ ಜಾಗಕ್ಕೆ ಕುಂಬಾರನ ಮಗ ಶಿರಾಜ್ ಬಂದಿದ್ದಾನೆ. ಮಕ್ಕಳು ಇದನ್ನೇ ನಂಬುತ್ತಾರೆ.

ಅತ್ತೆ: ಅಣ್ಣ ಹೇಳುವುದು ಸರಿ. ಮುತ್ತು ಕೊಡುವುದೂ ಇದೆಯಂತೆ. ಮಕ್ಕಳಿರುವ ಗುಂಪಮ್ಮ ಇದು.

ನಾನು: ಅತ್ತೆ, ನಾನು ಕಳಿಸಿದ್ದರಲ್ಲಿ ಅದಿಲ್ಲ. ದೊಡ್ಡಪ್ಪ, ನೀವು ಹೇಳಿದ್ದೆಲ್ಲ ನಿಜ. ಆದರೆ ಚಿಕ್ಕವಳಿದ್ದಾಗ ನನ್ನನ್ನು ಬೇಲೂರಿಗೆ ಕರೆದುಕೊಂಡು ಹೋದವರು ನೀವೇ ಅಲ್ವಾ? ಕಪ್ಪೆ ಚೆನ್ನಿಗರಾಯನ ಮುಂದೆ ನಿಲ್ಲಿಸಿ ಜಕಣಾಚಾರಿ ಕತೆ ಹೇಳಿದಿರಿ. ಕಲ್ಲಿನೊಳಗಿಂದ ಕಪ್ಪೆ ಬಂತು, ಅವನು ತನ್ನ ಕೈಯನ್ನೇ ಕಡಿದುಕೊಂಡ ಅಂದಿರಿ. ಅವತ್ತು ರಾತ್ರಿ ನಿದ್ದೆ ಬರಲಿಲ್ಲ ನನಗೆ.

ದೊಡ್ಡಪ್ಪ: ಅದು ಬೇರೆ. ಅದನ್ನು ಕತೆ ಅಂತಲೇ ಹೇಳಿದೆ. ಬೇಲೂರಿನ ಶಾಸನದಲ್ಲಿರುವುದು ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ. ಅದನ್ನೂ ಹೇಳಿದ್ದೆ.

ನಾನು: ಹೇಳಿದ್ದು ಆಮೇಲೆ, ನಾನು ಹೈಸ್ಕೂಲಿಗೆ ಬಂದ ಮೇಲೆ. ಮೊದಲು ಕತೆ ಮನಸ್ಸಿಗೆ ಇಳಿದಿತ್ತು. ಅದಕ್ಕೇ ದಾಸೋಜನ ಹೆಸರು ಕೇಳಿದಾಗ ಅವನು ಯಾರು ಅಂತ ಹುಡುಕಿದೆ. ಇಲ್ಲೂ ಹಾಗೇ. ಚಿತ್ರದ ಕೊನೆಗೆ ಶಿರಾಜ್‌ಗೆ ಕಣ್ಣಿಲ್ಲ, ಮುದುಕ. ತಾನು ಜೀವ ಇಟ್ಟುಕೊಂಡಿದ್ದವಳ ಗೋರಿಗೆ ಮಾದರಿ ಮಾಡುತ್ತಾನೆ. ಒಂದು ಮಾತೂ ಕೇಳಿಸುವುದಿಲ್ಲ, ಆದರೂ ನನಗೆ ಗಂಟಲು ಕಟ್ಟಿತು. ನಮ್ಮ ಹಳೇಬೀಡಿನ ಗೋಡೆ ಮುಂದೆ ನಿಂತಾಗ ಆಗುವ ಹಾಗೆ.

ತಮ್ಮ: ಅಕ್ಕಾ, ತುಂಬಾ ನಿಧಾನ. ಹತ್ತು ನಿಮಿಷಕ್ಕೆ ಬಿಟ್ಟುಬಿಟ್ಟೆ.

ನಾನು: ಮೊಬೈಲಿನಲ್ಲಿ ನೋಡಬೇಡ ಕಣೋ. ಸ್ಟುಡಿಯೋ ಸೆಟ್ ಇಲ್ಲದೆ, ಬಿಸಿಲಿನಲ್ಲೇ, ನಿಜವಾದ ಅರಮನೆ ಕೋಟೆಗಳಲ್ಲಿ ತೆಗೆದಿದ್ದಾರೆ. ನಿರ್ದೇಶಕ ಜರ್ಮನಿಯ ಫ್ರಾಂಜ್ ಓಸ್ಟನ್. ನಟಿಸಿದವರೆಲ್ಲ ನಮ್ಮ ದೇಶದವರು. ಶಿರಾಜ್ ಆಗಿದ್ದವರು ಹಿಮಾಂಶು ರಾಯ್. ನಾಯಕಿ ಏಣಾಕ್ಷಿ ರಾಮರಾವ್, ಕೈಲಾಸಂ ಜೊತೆ 1931ರ ‘ಮೃಚ್ಛಕಟಿಕ’ ಮೂಕಿಯಲ್ಲೂ ಇದ್ದರು. ನಮ್ಮಲ್ಲಿ ಸಾವಿರಕ್ಕೂ ಜಾಸ್ತಿ ಮೂಕಿ ಚಿತ್ರ ಬಂದವು. ಉಳಿದಿರುವುದು ಬೆರಳೆಣಿಕೆಯಷ್ಟು. ಆ ರೀಲು ಬೇಗ ಹೊತ್ತಿಕೊಳ್ಳುತ್ತಿತ್ತು. ಅದರಲ್ಲಿದ್ದ ಬೆಳ್ಳಿಗೋಸ್ಕರ ಮಾರಿದ್ದೂ ಉಂಟು. ಇದು ಉಳಿಯಿತು. 2017ರಲ್ಲಿ ಲಂಡನ್ನಿನಲ್ಲಿ ಸರಿಪಡಿಸಿ, ಅನುಷ್ಕಾ ಶಂಕರ್ ಸಂಗೀತ ಸೇರಿಸಿ ತೋರಿಸಿದರು. ಹೀಗೆ ಉಳಿದದ್ದನ್ನು ತೆಗೆದುಹಾಕು ಅಂದರೆ ನನಗೆ ಬೇಜಾರಾಗುತ್ತದೆ ದೊಡ್ಡಪ್ಪ.

ದೊಡ್ಡಪ್ಪ: ಚಿತ್ರ ಸುಟ್ಟುಹಾಕು ಅನ್ನಲಿಲ್ಲ ಕಣಮ್ಮ. ಕಿವಿಯಲ್ಲಿ ಕೇಳಿದ್ದನ್ನು ಮರೆಯಬಹುದು. ಕಣ್ಣಲ್ಲಿ ಕಂಡದ್ದು ಹೋಗುವುದಿಲ್ಲ. ನನ್ನ ಭಯ ಅದು.

ಇದಕ್ಕೆ ನನ್ನಲ್ಲಿ ತಕ್ಷಣ ಉತ್ತರ ಇರಲಿಲ್ಲ. ಅವರ ಭಯ ಸುಳ್ಳಲ್ಲ. ಆಗ ಅಜ್ಜಿಯ ಧ್ವನಿ ಸಂದೇಶ ಬಂತು.

ಅಜ್ಜಿ: ನಂಗೆ ಪರದೆ ಮೇಲೆ ಬರೋ ಇಂಗ್ಲಿಷ್ ಅಕ್ಷರ ಓದೋಕೆ ಬರೋದಿಲ್ಲ. ಯಾರಾದ್ರೂ ಓದಿ ಹೇಳಿದ್ರೆ ನಾನು ನೋಡ್ತೀನಿ.

ನಾನು: ಅಜ್ಜಿ, ಆಗಿನ ಕಾಲದಲ್ಲೂ ಪರದೆ ಪಕ್ಕ ನಿಂತು ಓದಿ ಹೇಳುವವರು ಇರುತ್ತಿದ್ದರು. ದೊಡ್ಡಪ್ಪ, ನಾಳೆ ಸಂಜೆ ಟಿವಿಯಲ್ಲಿ ಹಾಕುತ್ತೇನೆ. ಆ ಕೆಲಸ ನೀವೇ ಮಾಡಿ. ತಪ್ಪುಗಳನ್ನು ಚಿತ್ರ ಮುಗಿದ ಮೇಲೆ ಹೇಳಿ.

ದೊಡ್ಡಪ್ಪ: ಬರುತ್ತೇನೆ. ಆನೆ ಬರುವಾಗ ಸುಮ್ಮನಿರುತ್ತೇನೆ. ಮುಮ್ತಾಜ್ ವಿಷಯ ಬಂದರೆ ಮಾತ್ರ ನಿಲ್ಲಿಸಿ ಹೇಳುತ್ತೇನೆ.

ಅತ್ತೆ: ಎಷ್ಟು ಹೊತ್ತಿಗೆ? ಮಕ್ಕಳಿಗೆ ಏನಾದರೂ ತಿಂಡಿ ಮಾಡಿಕೊಂಡು ಬರುತ್ತೇನೆ.