ಗ್ರಬ್‌ನಾಗ ನಡೀತದ, ಲಾಗಿನ್ ಬಂದ್ ಕೂಡ್ಲೆ ಲ್ಯಾಪ್‌ಟಾಪ್ ಕೀಬೋರ್ಡ್ ಬಂದ್

ತೊಗರಿನಾಡು (ಕಲಬುರಗಿ):
ಎಎಂಡಿ ರೈಜನ್ 6000 ಸರಣಿ ಲ್ಯಾಪ್‌ಟಾಪ್. ಹಳೇ ಪೆನ್‌ಡ್ರೈವ್‌ನಿಂದ ಉಬುಂಟು 22.04 ಹಾಕಿದ್ದು, ಕರ್ನಲ್ (ಲಿನಕ್ಸ್‌ನ ತಿರುಳು) 5.15, ಅಪ್‌ಡೇಟ್ ಮಾಡಿಲ್ಲ. ಬಯೋಸ್‌ನಾಗ, ಗ್ರಬ್ ಮೆನುನಾಗ (ಉಬುಂಟು ಶುರುವಾಗೋಕೂ ಮುಂಚೆ ಬರೋ ಆಯ್ಕೆ ಪಟ್ಟಿ) ಕೀಬೋರ್ಡ್ ಚಲೋ ನಡೀತದ. ಲಾಗಿನ್ ಪರದೆ ಬಂದ್ರ ಒಂದಕ್ಷರನೂ ಬೀಳವಲ್ದು. ಟಚ್‌ಪ್ಯಾಡ್ ಸರಿ ಅದ, ಯುಎಸ್‌ಬಿ ಕೀಬೋರ್ಡ್ ಹಚ್ಚಿದ್ರ ಅದೂ ನಡೀತದ. ಗ್ರಬ್‌ನಾಗ ಐ8042.ನೊಮಕ್ಸ್=1 ಅನ್ನೋ ಬೂಟ್ ಆಯ್ಕೆ ಸೇರಿಸಿ ನೋಡಾಯ್ತು, ಏನೂ ಬದಲಾಗಿಲ್ಲ. ರಿಪೇರಿಯವ್ರು ಬಿಸಿಲಿಗೆ, ಧೂಳಿಗೆ ಕೀಬೋರ್ಡ್ ಹೋಗ್ಯದ, ಹೊಸದು ಹಾಕ್ರಿ ಅಂತಾರ. ಹೌದೇನು?

ಬಿದರಿಕಪ್ಪು (ಬೀದರ್):
ರೊಕ್ಕ ಕೊಡಬ್ಯಾಡ್ರಿ. ಗ್ರಬ್‌ನಾಗ ನಡೀತದ ಅಂದ್ರ ಕೀಬೋರ್ಡೂ ಜೀವಂತ, ಅದರ ರಿಬ್ಬನ್ನೂ ಜೀವಂತ. ಧೂಳು ಹೊಕ್ಕಿದ್ರ ಎರಡೂ ಕಡೆ ಕೈ ಕೊಡ್ತಿತ್ತು, ಅದೂ ಒಂದೆರಡು ಕೀ ಮಾತ್ರ.

ಗ್ರಬ್‌ತನಕ ಕೀ ಓದೋದು ಫರ್ಮ್‌ವೇರ್ (ಬಯೋಸ್). ಆಮ್ಯಾಲ ಕರ್ನಲ್‌ನ ಐ8042 ಡ್ರೈವರ್ (ಕೀಬೋರ್ಡ್ ಕಂಟ್ರೋಲರ್ ನೋಡಿಕೊಳ್ಳೋ ಭಾಗ) ಓದ್ತದ. ಲ್ಯಾಪ್‌ಟಾಪ್‌ಗಳ ಒಳಗಿನ ಕೀಬೋರ್ಡ್ ಬಹಳಷ್ಟು ಈಗಲೂ ಹಳೇ ಪಿಎಸ್/2 (ಯುಎಸ್‌ಬಿಗಿಂತ ಹಿಂದಿನ ಜೋಡಣೆ) ದಾರಿದೇ, ಹಂಗಾಗಿ ಎಲ್‌ಎಸ್‌ಯುಎಸ್‌ಬಿ (ಯುಎಸ್‌ಬಿ ಸಾಧನ ತೋರಿಸೋ ಕಮಾಂಡ್) ಪಟ್ಟಿಯೊಳಗ ಹುಡುಕಿದ್ರ ಸಿಗಂಗಿಲ್ಲ. ಯುಎಸ್‌ಬಿ ಕೀಬೋರ್ಡ್ ಹಚ್ಚಿ ಇದನ್ನ ಹೊಡೀರಿ (ಕಮಾಂಡ್ ಕನ್ನಡದಾಗ ಬರೆದದ್ದು, ಟರ್ಮಿನಲ್‌ನಾಗ ಇಂಗ್ಲಿಷ್ ಸಣ್ಣಕ್ಷರ):

ವಾಚ್ -ಎನ್1 ಗ್ರೆಪ್ ಐ8042 /ಪ್ರೊಕ್/ಇಂಟರಪ್ಟ್ಸ್

‘1:’ ಅಂತ ಶುರುವಾಗೋ ಸಾಲು ನೋಡಕೋತ ಲ್ಯಾಪ್‌ಟಾಪಿನ ಕೀ ಹತ್ತು ಸಲ ಒತ್ರಿ. ಅಂಕಿ ಏರಿದ್ರ ಕರ್ನಲ್‌ಗೆ ಕೀ ಮುಟ್ಟಾಕತ್ತದ, ತೊಂದರೆ ಮ್ಯಾಲಿನ ಪದರದಾಗ. ಏರದಿದ್ರ ಇಂಟರಪ್ಟ್ (ಕೀ ಒತ್ತಿದಾಗ ಕರ್ನಲ್‌ನ ಕರೆಯೋ ಸಂಕೇತ) ಮುಟ್ಟವಲ್ದು.

ನೊಮಕ್ಸ್ ಬಗ್ಗೆ: ಅದು ಒಂದೇ ಕಂಟ್ರೋಲರ್‌ಗೆ ಹಲವು ಪಿಎಸ್/2 ಮೌಸ್, ಟಚ್‌ಪ್ಯಾಡ್ ಜೋಡಿಸಿದಾಗಿನ ಗೊಂದಲಕ್ಕೆ. ಎಲ್ಲ ಕೀಬೋರ್ಡ್ ರೋಗಕ್ಕೂ ಅದನ್ನೇ ಮದ್ದು ಅಂತ ಹೇಳೋದು ನಿಲ್ಲಬೇಕು.

ತೊಗರಿನಾಡು:
ನೋಡಿದೆ. ಸಾಲು ಅದ, ಅಂಕಿ ಅಲುಗಾಡಲಿಲ್ಲ.

ಬಿದರಿಕಪ್ಪು:
ಹಂಗಾದ್ರ ಇದು ರೈಜನ್ 6000ರ ಗೊತ್ತಿರೋ ತೊಂದರೆ. ಈ ಯಂತ್ರಗಳ ಎಸಿಪಿಐ ಕೋಷ್ಟಕದಾಗ (ಫರ್ಮ್‌ವೇರ್ ಕರ್ನಲ್‌ಗೆ ಕೊಡೋ ಯಂತ್ರದ ವಿವರ) ಇಂಟರಪ್ಟ್ 1ರ ಸಂಕೇತ ‘ಆಕ್ಟಿವ್ ಲೋ’ (ಮಟ್ಟ ಇಳಿದಾಗ ಕರೆ) ಅಂತ ಇರ್ತದ. ಹಳೇ ಕರ್ನಲ್ ಅದನ್ನ ಬದಿಗಿಟ್ಟು, ಹಿಂದಿನ ಕಾಲದ ರೂಢಿಯಂತೆ ‘ಆಕ್ಟಿವ್ ಹೈ’ (ಮಟ್ಟ ಏರಿದಾಗ ಕರೆ) ಅಂತ ತಾನೇ ತಿದ್ದಿಬಿಡ್ತದ. ಕೀ ಒತ್ತಿದ್ರೂ ಕರ್ನಲ್ ಕಿವಿಗೆ ಬೀಳಂಗಿಲ್ಲ. ಹೊಸ ಕರ್ನಲ್‌ಗಳು ಝೆನ್ (ರೈಜನ್ ಒಳಗಿನ ವಿನ್ಯಾಸ) ಯಂತ್ರಗಳಾಗ ಈ ತಿದ್ದುಪಡಿ ಬಿಟ್ಟಾವ. ನೆಟ್ ಹಚ್ಚಿ ಹೊಸ ಕರ್ನಲ್ ಹಾಕ್ರಿ (ಎಚ್‌ಡಬ್ಲ್ಯೂಇ ಅಂದ್ರ ಹಳೇ ಉಬುಂಟುಗೇ ಹೊಸ ಕರ್ನಲ್):

ಸುಡೊ ಆಪ್ಟ್ ಅಪ್‌ಡೇಟ್
ಸುಡೊ ಆಪ್ಟ್ ಇನ್‌ಸ್ಟಾಲ್ ಲಿನಕ್ಸ್-ಜೆನೆರಿಕ್-ಎಚ್‌ಡಬ್ಲ್ಯೂಇ-22.04

ವೈಫೈ ಕಾಣದಿದ್ರ ಮೊಬೈಲ್‌ನಿಂದ ಯುಎಸ್‌ಬಿ ಟೆದರಿಂಗ್. ಬ್ಯಾಟರಿ ತುಂಬಿಸ್ಕೊಂಡೇ ಕೂಡ್ರಿ. ನಡುವ ಬಂದ್ ಬಿದ್ರ ಸುಡೊ ಡಿಪಿಕೆಜಿ --ಕಾನ್ಫಿಗರ್ -ಎ ಓಡಿಸಿ ಮುಂದುವರಿಸ್ರಿ. ರೀಬೂಟ್ ಆದಮ್ಯಾಲ ಯುನೇಮ್ -ಆರ್ ಹೊಡೆದ್ರ 6.8 ಅಂತ ಬರಬೇಕು. ಎಲ್ಲಿಂದಲೋ ಮೇನ್‌ಲೈನ್ (ಉಬುಂಟು ತಿದ್ದದ ಮೂಲ) ಕರ್ನಲ್ ತಂದು ಹಾಕಬ್ಯಾಡ್ರಿ, ಅದಕ್ಕ ಸಹಿ ಇರಲ್ಲ, ಸೆಕ್ಯೂರ್ ಬೂಟ್ ತಡೀತದ.

ಭೀಮಾದಂಡೆ (ಯಾದಗಿರಿ):
ಅಂಕಿ ಏರಿಯೂ ಅಕ್ಷರ ಬೀಳದವರಿಗೆ ಎರಡು ಮಾತು. ಮೊದಲು ಒಂದು ಕೀಯನ್ನು ಪೂರ್ತಿ ಒಂದು ಸೆಕೆಂಡ್ ಒತ್ತಿ ಹಿಡಿಯಿರಿ. ಆಗ ಅಕ್ಷರ ಬಂದರೆ ‘ಸ್ಲೋ ಕೀಸ್’ ಆನ್ ಆಗಿದೆ. ಲಾಗಿನ್ ಪರದೆಯ ಆಕ್ಸೆಸಿಬಿಲಿಟಿ ಮೆನುವಿನಲ್ಲಿ ಮೌಸ್‌ನಿಂದಲೇ ತೆಗೆಯಬಹುದು. ಸ್ಕ್ರೀನ್ ಕೀಬೋರ್ಡ್ ಕೂಡ ಅದೇ ಮೆನುವಿನಲ್ಲಿದೆ, ಯುಎಸ್‌ಬಿ ಕೀಬೋರ್ಡ್ ಇಲ್ಲದವರಿಗೆ ಅದೇ ದಾರಿ. ಆದರೆ ಡಿಸ್ಕ್ ಎನ್‌ಕ್ರಿಪ್ಟ್ ಆಗಿದ್ದರೆ ಪಾಸ್‌ವರ್ಡ್ ಲಾಗಿನ್‌ಗೂ ಮುಂಚೆ ಕೇಳುತ್ತದೆ, ಅಲ್ಲಿ ಈ ಮೆನು ಇರುವುದಿಲ್ಲ.

ಲಾಗಿನ್‌ನಲ್ಲಿ ಸರಿಯಿದ್ದು ಆಮೇಲೆ ಬರವಣಿಗೆ ನಿಂತರೆ, ಅದರಲ್ಲೂ ಕನ್ನಡ ಟೈಪಿಂಗ್ ಹಾಕಿಕೊಂಡಿದ್ದರೆ, ಟರ್ಮಿನಲ್‌ನಲ್ಲಿ ಐಬಸ್ ರೀಸ್ಟಾರ್ಟ್ ಕೊಡಿ (ಐಬಸ್ ಎಂದರೆ ಭಾಷಾ ಟೈಪಿಂಗ್ ನಡೆಸುವ ಪ್ರೋಗ್ರಾಂ).

ತೊಗರಿನಾಡು:
6.8 ಬಂತು, ಎಲ್ಲ ಕೀ ನಡೀತಾವ. ನೊಮಕ್ಸ್ ಹಂಗೇ ಇರಲೇನು?

ಬಿದರಿಕಪ್ಪು:
ತೆಗೀರಿ. ಗ್ರಬ್‌ನಾಗ ‘ಇ’ ಒತ್ತಿ ಬರೆದಿದ್ರ ಅದು ಆ ಒಂದು ಬೂಟಿಗಷ್ಟೇ, ತಾನೇ ಹೋಗ್ಯದ. /ಇಟಿಸಿ/ಡೀಫಾಲ್ಟ್/ಗ್ರಬ್ ಕಡತದಾಗ ಹಾಕಿದ್ರ ಅಳಿಸಿ ಸುಡೊ ಅಪ್‌ಡೇಟ್-ಗ್ರಬ್ ಓಡಿಸ್ರಿ.