ಕೋಚ್ ರಾಜೀನಾಮೆ ವಿಷಯ, ಚಿಕ್ಕಪ್ಪನ ಮೆಸೇಜಿಗೆ ನನ್ನ ಉತ್ತರ

ಚಿಕ್ಕಪ್ಪ ನಮಸ್ಕಾರ, ದೊಡ್ಡಮ್ಮ, ಅತ್ತಿಗೆ, ಎಲ್ರೂ ಚೆನ್ನಾಗಿದೀರಾ. ಬೆಳಿಗ್ಗೆ ಎದ್ದು ಫೋನ್ ನೋಡಿದ್ರೆ ಗ್ರೂಪಲ್ಲಿ ನಲವತ್ತು ಮೆಸೇಜು. ಚಿಕ್ಕಪ್ಪ ಒಂದು ವಿಡಿಯೋ ಫಾರ್ವರ್ಡ್ ಮಾಡಿದಾರೆ, ಸಿಯಾಟಲ್ ಹತ್ರ ಹೈಸ್ಕೂಲ್ ಫುಟ್‌ಬಾಲ್ ಕೋಚ್ ಒಬ್ಬರು ಮೈದಾನದಲ್ಲಿ ಪ್ರಾರ್ಥನೆ ಮಾಡಿದ್ದಕ್ಕೆ ಕೆಲಸ ಹೋಯ್ತು, ಸುಪ್ರೀಂ ಕೋರ್ಟಲ್ಲಿ ಗೆದ್ದು ವಾಪಸ್ ಬಂದ್ರು, ಒಂದೇ ಮ್ಯಾಚಿಗೆ ರಾಜೀನಾಮೆ ಕೊಡೋ ಹಾಗೆ ಮಾಡಿದ್ರು ಅಂತ, ಕೆಳಗಡೆ ನನ್ನ ಟ್ಯಾಗ್ ಮಾಡಿ ‘ನಿಮ್ಮ ಅಮೆರಿಕದಲ್ಲಿ ದೇವರಿಗೂ ಜಾಗ ಇಲ್ವೇನಮ್ಮ’ ಅಂತ ಕೇಳಿದಾರೆ. ಅದಕ್ಕೆ ಅಣ್ಣ ‘ಎಲ್ಲ ನಾಟಕ, ಪಬ್ಲಿಸಿಟಿ’ ಅಂತ ಹಾಕಿದಾನೆ. ವಾಯ್ಸ್ ಮೆಸೇಜೇ ಕಳಿಸೋಣ ಅಂತಿದ್ದೆ, ದೊಡ್ಡಮ್ಮಂಗೆ ಕಿವಿ ಸರಿಯಾಗಿ ಕೇಳಲ್ಲ, ಅದಕ್ಕೆ ನಾನು ಮಾತಾಡ್ತಾ ಹೋಗ್ತೀನಿ ಫೋನ್ ಟೈಪ್ ಮಾಡ್ಕೊಳ್ಳುತ್ತೆ. ಉದ್ದ ಆಗುತ್ತೆ, ಕಾಫಿ ಇಟ್ಕೊಂಡು ಓದಿ.

ಮೊದಲನೇದು ಚಿಕ್ಕಪ್ಪ, ಅವರನ್ನ ಈ ಸಲ ಯಾರೂ ತೆಗೆದಿಲ್ಲ. 2023ರ ಸೆಪ್ಟೆಂಬರ್ 1ಕ್ಕೆ ಮ್ಯಾಚ್ ಆಯ್ತು, 6ನೇ ತಾರೀಕು ಅವರೇ ರಾಜೀನಾಮೆ ಬರೆದುಕೊಟ್ರು. ಫ್ಲೋರಿಡಾದಲ್ಲಿ ಮನೆಯವರೊಬ್ಬರಿಗೆ ಹುಷಾರಿಲ್ಲ ಅನ್ನೋದು ಒಂದು ಕಾರಣ, ಇನ್ನೊಂದು ಧಾರ್ಮಿಕ ಸ್ವಾತಂತ್ರ್ಯದ ಕೆಲಸವನ್ನ ಸ್ಕೂಲಿನ ಹೊರಗಡೆ ಇದ್ದೇ ಚೆನ್ನಾಗಿ ಮಾಡಬಹುದು ಅಂತ. ಹುಷಾರಿಲ್ಲ ಅನ್ನೋ ವಿಷಯಕ್ಕೆ ನಾನು ಒಂದು ಮಾತೂ ಆಡಲ್ಲ, ಯಾರ ಮನೇಲಾದ್ರೂ ಆಗೋದೇ ಅದು. ಆ ಎರಡನೇ ಕಾರಣ ಓದಿದ ಮೇಲೆ ಮಾತ್ರ ನನಗೆ ತುಂಬಾ ಬೇಜಾರಾಗಿದೆ, ಯಾಕೆ ಅಂತ ಹೇಳ್ತೀನಿ.

ಬ್ರೆಮರ್ಟನ್ ಅಂತ ಊರು. ಅಪ್ಪ ಅಮ್ಮ ಬಂದಾಗ ಸಿಯಾಟಲಿಂದ ಫೆರಿ ಹತ್ತಿಸಿ ಕರ್ಕೊಂಡು ಹೋಗಿದ್ದೆವಲ್ಲ, ಒಂದು ಗಂಟೆ ನೀರಿನ ಮೇಲೆ, ಆ ಕಡೆ ದಡದಲ್ಲಿ ನೇವಿಯ ದೊಡ್ಡ ಶಿಪ್‌ಯಾರ್ಡು, ಅಪ್ಪ ಆ ಹಡಗುಗಳನ್ನ ನೋಡ್ತಾ ನಿಂತೇಬಿಟ್ಟಿದ್ರು, ಅದೇ ಊರು. ಕೋಚ್ ಹೆಸರು ಜೋ ಕೆನಡಿ, ಹಿಂದೆ ಮರೀನ್ಸ್ ಅಂತ ಅಮೆರಿಕದ ಸೈನ್ಯದಲ್ಲಿ ಇದ್ದವರು, 2008ರಲ್ಲಿ ಅಲ್ಲಿನ ಹೈಸ್ಕೂಲಿಗೆ ಅಸಿಸ್ಟೆಂಟ್ ಕೋಚ್ ಆಗಿ ಸೇರಿದ್ರು. ಮತ್ತೆ ಚಿಕ್ಕಪ್ಪ ಇದು ನೀವು ರಾತ್ರಿಯೆಲ್ಲ ಎದ್ದು ನೋಡೋ ಮೆಸ್ಸಿ ಫುಟ್‌ಬಾಲ್ ಅಲ್ಲ, ಹೆಲ್ಮೆಟ್ ಹಾಕ್ಕೊಂಡು ಭುಜಕ್ಕೆ ಪ್ಯಾಡ್ ಕಟ್ಕೊಂಡು ಡಿಕ್ಕಿ ಹೊಡೆಯೋ ಆಟ, ಶುಕ್ರವಾರ ಸಂಜೆ ಆಯ್ತು ಅಂದ್ರೆ ಊರೆಲ್ಲ ಅಲ್ಲೇ ಇರುತ್ತೆ. ಮ್ಯಾಚ್ ಮುಗಿದ ಮೇಲೆ ಇವರು ಮೈದಾನದ ಮಧ್ಯಕ್ಕೆ, ಐವತ್ತು ಯಾರ್ಡ್ ಗೆರೆ ಹತ್ರ ಹೋಗಿ ಮಂಡಿಯೂರಿ ದೇವರಿಗೆ ಥ್ಯಾಂಕ್ಸ್ ಹೇಳೋರು. ಮೊದಮೊದಲು ಒಬ್ಬರೇ. ಆಮೇಲೆ ಹುಡುಗರು ಒಬ್ಬೊಬ್ಬರಾಗಿ ಬಂದು ಸೇರಿಕೊಂಡ್ರು, ಎದುರು ಟೀಮಿನವರೂ ಸೇರೋದಕ್ಕೆ ಶುರುವಾದ್ರು, ಇವರು ಹೆಲ್ಮೆಟ್ ಎತ್ತಿ ಹಿಡಿದು ಮಾತಾಡೋರು, ಸುತ್ತ ಮಕ್ಕಳು ಮಂಡಿಯೂರಿ ಕೂತಿರೋರು. ಏಳು ವರ್ಷ ಸ್ಕೂಲಿನವರು ಇದನ್ನ ವಿಷಯ ಮಾಡಲೇ ಇಲ್ಲ. ಅಣ್ಣ, ಅದಕ್ಕೇ ಇದನ್ನ ಬರೀ ನಾಟಕ ಅನ್ನೋದಕ್ಕೆ ನಾನು ಒಪ್ಪಲ್ಲ, 2008ರಲ್ಲಿ ಅಲ್ಲಿ ಯಾವ ಕ್ಯಾಮೆರಾನೂ ಇರಲಿಲ್ಲ, ಮನುಷ್ಯನಿಗೆ ಭಕ್ತಿ ನಿಜವಾಗ್ಲೂ ಇತ್ತು. ಅವರ ಹೆಂಡತಿ ಅದೇ ಸ್ಕೂಲ್ ಡಿಸ್ಟ್ರಿಕ್ಟಲ್ಲಿ, ಅಂದ್ರೆ ಆ ಊರಿನ ಸರ್ಕಾರಿ ಸ್ಕೂಲುಗಳನ್ನ ನಡೆಸೋ ಆಫೀಸಲ್ಲಿ, ಎಚ್‌ಆರ್ ನೋಡ್ಕೊಳ್ತಿದ್ರು, ಗಂಡ ಕೇಸ್ ಹಾಕಿದ್ದು ಆ ಡಿಸ್ಟ್ರಿಕ್ಟ್ ಮೇಲೇನೇ, ಆ ಮನೇಲಿ ದಿನಾ ಹೇಗಿತ್ತೋ ಯೋಚನೆ ಮಾಡು.

2015ರ ಸೆಪ್ಟೆಂಬರಲ್ಲಿ ವಿಷಯ ಮೇಲಿನವರ ಕಿವಿಗೆ ಬಿತ್ತು, ಹೀಗೆ ಮಕ್ಕಳ ಜೊತೆ ಮಾಡಬೇಡಿ ಅಂತ ಪತ್ರ ಕೊಟ್ರು. ಇಲ್ಲಿ ಸರ್ಕಾರಿ ಸ್ಕೂಲಿನ ಕೋಚ್ ಅಂದ್ರೆ ಸರ್ಕಾರದ ಸಂಬಳದವರು, ಸರ್ಕಾರ ಒಂದು ಧರ್ಮದ ಕಡೆಗೆ ವಾಲಬಾರದು ಅಂತ ಸಂವಿಧಾನದಲ್ಲೇ ಇದೆ, ಅದೇ ಸಂವಿಧಾನದಲ್ಲಿ ಒಬ್ಬನ ಪ್ರಾರ್ಥನೆಗೆ ಅಡ್ಡ ಬರಬಾರದು ಅಂತಾನೂ ಇದೆ, ಜಗಳ ಇರೋದು ಆ ಎರಡರ ಮಧ್ಯೆ. ಕೋಚ್ ಸ್ವಲ್ಪ ದಿನ ನಿಲ್ಲಿಸಿದ್ರು, ಆಮೇಲೆ ವಕೀಲರ ಕೈಲಿ ಪತ್ರ ಬರೆಸಿ ಮತ್ತೆ ಶುರು ಮಾಡ್ತೀನಿ ಅಂದ್ರು. ಅಕ್ಟೋಬರ್ 16ರ ಮ್ಯಾಚು ಇದೆಯಲ್ಲ, ಅವತ್ತು ಟಿವಿಯವರು, ರಾಜಕೀಯದವರು ಎಲ್ಲ ಬಂದಿದ್ರು, ಮ್ಯಾಚ್ ಮುಗಿದ ತಕ್ಷಣ ಜನ ಬೇಲಿ ಹಾರಿ ಮೈದಾನಕ್ಕೆ ನುಗ್ಗಿದ್ರು, ಸ್ಕೂಲ್ ಬ್ಯಾಂಡಿನ ಮಕ್ಕಳನ್ನ ಕೆಡವಿಕೊಂಡು ಹೋದ್ರು ಚಿಕ್ಕಪ್ಪ. ಡ್ರಮ್ಮು ಪೀಪಿ ಹಿಡ್ಕೊಂಡು ನಿಂತ ಮಕ್ಕಳನ್ನ. ದೇವರ ಹೆಸರಲ್ಲಿ ನುಗ್ಗೋರಿಗೆ ಅಲ್ಲಿ ಮಕ್ಕಳಿದಾರೆ ಅಂತ ಕಾಣಲಿಲ್ಲ. ಆ ತಿಂಗಳ ಕೊನೇಲಿ ಅವರನ್ನ ಸಂಬಳ ಕೊಟ್ಟೇ ರಜೆ ಮೇಲೆ ಕಳಿಸಿದ್ರು. ಕಾಂಟ್ರಾಕ್ಟ್ ಒಂದೊಂದೇ ವರ್ಷದ್ದು, ಮುಂದಿನ ವರ್ಷಕ್ಕೆ ಅವರು ಅರ್ಜಿ ಹಾಕಲಿಲ್ಲ, 2016ರಲ್ಲಿ ಕೇಸ್ ಹಾಕಿದ್ರು.

ಈಗ ನೀವು ಕೇಳಿದ್ದಕ್ಕೆ ಬರ್ತೀನಿ, ಕೈ ಮುಗಿದ್ರೆ ತಪ್ಪೇನು ಅಂತ. ನನ್ನ ಪ್ರಕಾರ ಒಬ್ಬರೇ ಮುಗಿದ್ರೆ ಏನೂ ತಪ್ಪಿಲ್ಲ. ಆದ್ರೆ ಚಿಕ್ಕಪ್ಪ, ಕೋಚ್ ಅಂದ್ರೆ ಮೇಷ್ಟ್ರ ಥರ ಅಲ್ಲ. ಮೇಷ್ಟ್ರು ಮಾರ್ಕ್ಸ್ ಕೊಡ್ತಾರೆ, ಪೇಪರ್ ನೋಡಿ ಯಾಕೆ ಕಡಿಮೆ ಅಂತ ಕೇಳಬಹುದು. ಶುಕ್ರವಾರ ಯಾರು ಆಡ್ತಾರೆ, ಯಾರು ಬೆಂಚಲ್ಲಿ ಕೂತ್ಕೊಳ್ತಾರೆ ಅನ್ನೋದು ಕೋಚ್ ಮನಸಲ್ಲಿರುತ್ತೆ, ಅದಕ್ಕೆ ಆನ್ಸರ್ ಪೇಪರ್ ಇಲ್ಲ. ಆ ಕೇಸಿನ ದಾಖಲೆಯಲ್ಲೇ ಇದೆ, ಒಬ್ಬ ಹುಡುಗನ ತಂದೆ ಹೇಳಿದ್ದು, ನನ್ನ ಮಗ ದೇವರನ್ನ ನಂಬಲ್ಲ, ಆದ್ರೂ ಸೇರದೆ ಇದ್ರೆ ಆಡೋ ಚಾನ್ಸ್ ಕಡಿಮೆ ಆಗುತ್ತೆ ಅಂತ ಹೆದರಿ ಸೇರ್ತಿದ್ದ ಅಂತ. ಕೋಚ್ ಯಾವತ್ತೂ ಬಾ ಅಂತ ಬಲವಂತ ಮಾಡಿಲ್ಲ ಅಂದ್ರು, ನಾನು ನಂಬ್ತೀನಿ, ಬಾಯಲ್ಲಿ ಹೇಳಿರಲ್ಲ. ಹದಿನೈದು ವರ್ಷದ ಹುಡುಗನಿಗೆ ಬಾಯಲ್ಲಿ ಹೇಳೋದು ಬೇಕಾ?

ಇದು ನಮ್ಮನೆಗೆ ಬಂದ ಪ್ರಶ್ನೆ, ಅದಕ್ಕೆ ಇಷ್ಟು ಹೇಳ್ತಿರೋದು. ನಮ್ಮ ಪುಟ್ಟ ಒಂಬತ್ತನೇ ಕ್ಲಾಸಲ್ಲಿ ಟೀಮಿಗೆ ಸೇರಿದ, ಚಿಕ್ಕಂದಿನಿಂದ ಸಾಕರ್, ಅದೇ ನಿಮ್ಮ ಮೆಸ್ಸಿ ಫುಟ್‌ಬಾಲ್, ಆಡ್ತಿದ್ನಲ್ಲ ಅದಕ್ಕೆ ಚೆಂಡು ಒದೆಯೋ ಕಿಕ್ಕರ್ ಮಾಡಿದ್ರು. ಮೊದಲನೇ ಮ್ಯಾಚಿನ ಮುಂಚೆ ರಾತ್ರಿ ಅಡುಗೆಮನೇಲಿ ಬಂದು ನಿಂತ್ಕೊಂಡ, ಫ್ರಿಜ್ ಬಾಗಿಲು ತೆಗೆಯೋದು ಹಾಕೋದು ಮಾಡ್ತಿದ್ದ. ಏನೋ ಅಂದೆ. ‘ಅಮ್ಮಾ, ಆಟ ಶುರುವಾಗೋ ಮುಂಚೆ ಹುಡುಗರೆಲ್ಲ ಮಂಡಿಯೂರಿ ಪ್ರೇ ಮಾಡ್ತಾರೆ, ನಾನೂ ಊರಬೇಕಾ’ ಅಂದ. ನಾನು ಅದಕ್ಕೇನು, ತಲೆ ತಗ್ಗಿಸಿ ರಾಯರನ್ನ ನೆನೆಸ್ಕೋ ಅಂದೆ, ಸುಲಭವಾಗಿ ಹೇಳಿಬಿಟ್ಟೆ. ಅವನು ಸ್ವಲ್ಪ ಹೊತ್ತು ಬಿಟ್ಟು ‘ಊರದೆ ಇದ್ರೆ ಕೋಚ್ ನೋಡ್ತಿರ್ತಾರಲ್ಲಮ್ಮ’ ಅಂದ. ಅವನ ಕೋಚು ಏನೂ ಅನ್ನೋರಲ್ಲ, ತುಂಬಾ ಒಳ್ಳೇವರು, ಆ ಪ್ರಾರ್ಥನೆ ಮಾಡಿಸ್ತಿದ್ದಿದ್ದು ಅವರಲ್ಲ, ಹುಡುಗರೇ. ಆದ್ರೂ ಇವನು ಯೋಚನೆ ಮಾಡಿದ್ದು ಕೋಚ್ ಕಣ್ಣಿನ ಬಗ್ಗೆ.

ನೀವು ಹೇಳಿದ್ರಿ ನಮ್ಮ ಸ್ಕೂಲಲ್ಲೂ ಬೆಳಿಗ್ಗೆ ಶ್ಲೋಕ ಹೇಳ್ತಿದ್ವಿ, ಗಣೇಶನ್ನ ಕೂರಿಸ್ತಿದ್ವಿ, ಯಾರಿಗೂ ತೊಂದರೆ ಆಗಲಿಲ್ಲ ಅಂತ. ಚಿಕ್ಕಪ್ಪ, ನನ್ನ ಪಕ್ಕದ ಸಾಲಲ್ಲಿ ಒಬ್ಬಳು ಸಾಬರ ಹುಡುಗಿ ನಿಲ್ತಿದ್ಲು, ಅವಳು ಶ್ಲೋಕ ಮುಗಿಯೋವರೆಗೂ ಲಂಗದ ಅಂಚನ್ನ ಎರಡು ಬೆರಳಲ್ಲಿ ಮಡಚ್ತಾ ಬಿಚ್ತಾ ಇರೋಳು. ನನಗೆ ಆಗ ಅದು ಏನೂ ಅನ್ನಿಸಿರಲಿಲ್ಲ. ಪುಟ್ಟ ಫ್ರಿಜ್ ಬಾಗಿಲು ಹಿಡ್ಕೊಂಡು ಆಡ್ತಿದ್ನಲ್ಲ ಅವತ್ತು ನೆನಪಾಯ್ತು, ಮೂವತ್ತು ವರ್ಷ ಆದಮೇಲೆ.

ಸರಿ, ಕೇಸು. ಕೆಳಗಿನ ಕೋರ್ಟಲ್ಲಿ ಸೋತ್ರು, ಅಪೀಲಲ್ಲಿ ಸೋತ್ರು, 2019ರಲ್ಲಿ ಸುಪ್ರೀಂ ಕೋರ್ಟ್ ಒಂದು ಸಲ ತಗೊಳ್ಳೋದೇ ಇಲ್ಲ ಅಂತು, ಮತ್ತೆ ಹತ್ತಿ 2022ರ ಜೂನ್ 27ಕ್ಕೆ ಗೆದ್ರು, ಆರು ಜನ ಜಡ್ಜ್ ಈ ಕಡೆ ಮೂರು ಜನ ಆ ಕಡೆ. ಗೆಲ್ಲಿಸಿದವರು ಇದು ಒಬ್ಬ ಮನುಷ್ಯ ಸದ್ದಿಲ್ಲದೆ ಮಾಡಿದ ಸ್ವಂತ ಪ್ರಾರ್ಥನೆ ಅಂತ ಬರೆದ್ರು. ಒಪ್ಪದೆ ಇದ್ದ ಜಸ್ಟಿಸ್ ಸೋಟೊಮಯೋರ್ ತಮ್ಮ ತೀರ್ಪಲ್ಲೇ ಫೋಟೋ ಹಾಕಿದಾರೆ, ಕೋಚ್ ನಿಂತಿದಾರೆ ಸುತ್ತ ಮಕ್ಕಳು ಮಂಡಿಯೂರಿದಾರೆ. ನೀವು ಕಳಿಸಿದ ವಿಡಿಯೋದಲ್ಲಿ ಆ ಫೋಟೋ ಇಲ್ಲ, ಒಂದು ಸಲ ನೋಡಿ. ಆಮೇಲೆ ವಕೀಲರ ಫೀಸು ಅಂತ ಡಿಸ್ಟ್ರಿಕ್ಟ್ ಕಡೆಯಿಂದ 17 ಲಕ್ಷ 75 ಸಾವಿರ ಡಾಲರಿಗೆ ಸೆಟಲ್‌ಮೆಂಟ್ ಆಯ್ತು, ನಮ್ಮ ದುಡ್ಡಲ್ಲಿ ಹದಿನಾಲ್ಕು ಕೋಟಿ ದಾಟುತ್ತೆ.

ಇಷ್ಟು ವರ್ಷ ಕೇಸಲ್ಲಿ ಕೇಳಿದ್ದೇ ನನ್ನ ಕೋಚ್ ಕೆಲಸ ವಾಪಸ್ ಕೊಡಿ ಅಂತ. ಕೊಟ್ರು. ಅಷ್ಟರಲ್ಲಿ ಅವರು ಫ್ಲೋರಿಡಾದಲ್ಲಿ ಮನೆ ಮಾಡಿಕೊಂಡಿದ್ರು, ಅಲ್ಲಿಂದ ಬಂದ್ರು. ಕೆನಡಾದ ವಿಕ್ಟೋರಿಯಾ ಊರಿನ ಟೀಮ್ ಮೇಲೆ ಮ್ಯಾಚು, ಬ್ರೆಮರ್ಟನ್ ಹುಡುಗರು 27-12ಕ್ಕೆ ಗೆದ್ರು. ಮುಗಿದ ಮೇಲೆ ಅವರು ಮಧ್ಯಕ್ಕೆ ಹೋಗಿ ಒಬ್ಬರೇ ಮಂಡಿಯೂರಿದ್ರು, ಸ್ವಲ್ಪ ಹೊತ್ತು ಅಷ್ಟೆ. ಐದು ದಿನಕ್ಕೆ ರಾಜೀನಾಮೆ. ಆ ಮ್ಯಾಚ್ ಆಡಿದ ಹುಡುಗರು ಕೇಸ್ ಶುರುವಾದಾಗ ಎರಡನೇ ಕ್ಲಾಸು ಮೂರನೇ ಕ್ಲಾಸು. ಅವರಿಗೂ ಈ ಜಗಳಕ್ಕೂ ಯಾವ ಸಂಬಂಧನೂ ಇಲ್ಲ, ಬೇಸಿಗೆಯೆಲ್ಲ ಬೆವರು ಸುರಿಸಿ ಪ್ರಾಕ್ಟೀಸ್ ಮಾಡಿದಾರೆ, ಮೊದಲನೇ ಮ್ಯಾಚ್ ಗೆದ್ದಿದಾರೆ, ಪೇಪರಲ್ಲಿ ಟಿವಿಯಲ್ಲಿ ಎಲ್ಲ ಬಂದಿದ್ದು ಕೋಚ್ ಮಂಡಿ. ಒಬ್ಬ ಹುಡುಗ ಎಷ್ಟು ಚೆನ್ನಾಗಿ ಓಡಿದ ಅಂತ ಯಾರಾದ್ರೂ ಬರೆದ್ರಾ?

ಸೀಸನ್ ಮಧ್ಯ ಕೋಚ್ ಹೋದ್ರೆ ಮಕ್ಕಳಿಗೆ ಏನಾಗುತ್ತೆ ಅಂತ ನಾನು ಮನೇಲೇ ನೋಡಿದೀನಿ. ಎರಡು ವರ್ಷದ ಹಿಂದೆ ಪುಟ್ಟನ ಟೀಮಿನ ಆ ಒಳ್ಳೇ ಕೋಚು, ಐದನೇ ವಾರವೋ ಆರನೇ ವಾರವೋ, ಒಂದು ಮಂಗಳವಾರ ಮಧ್ಯಾಹ್ನ ಸ್ಕೂಲಿಂದ ಪೇರೆಂಟ್ಸಿಗೆಲ್ಲ ಎರಡು ಸಾಲಿನ ಇಮೇಲು, ವೈಯಕ್ತಿಕ ಕಾರಣಕ್ಕೆ ರಾಜೀನಾಮೆ ಕೊಟ್ಟಿದಾರೆ, ಸೇವೆಗೆ ಧನ್ಯವಾದ. ಮುಗೀತು. ಸಂಜೆಯೊಳಗೆ ಪೇರೆಂಟ್ಸ್ ಗ್ರೂಪಲ್ಲಿ ನೂರೆಂಟು ಕಥೆ, ಯಾರದೋ ಮಗನಿಗೆ ಚಾನ್ಸ್ ಕೊಡಲಿಲ್ಲ ಅಂತ ಜಗಳ ಆಯ್ತಂತೆ, ದುಡ್ಡಿನ ವಿಷಯವಂತೆ, ಬಾಯಿಗೆ ಬಂದಿದ್ದು. ಸ್ಕೂಲಿನವರು ಎಂಪ್ಲಾಯಿ ವಿಷಯ ಮಾತಾಡೋ ಹಾಗಿಲ್ಲ ಅಂದ್ರು. ಗುರುವಾರ ಟೀಮ್ ಡಿನ್ನರ್ ಸರದಿ ನಮ್ದು, ನಾನು ಪಾಸ್ತಾ ಜೊತೆ ದೊಡ್ಡ ಪಾತ್ರೆ ಪುಳಿಯೋಗರೆ ಮಾಡಿದ್ದೆ, ಆ ಹುಡುಗರಿಗೆ ಅದು ಇಷ್ಟ, ಮೂರು ಮೂರು ಸಲ ಹಾಕಿಸ್ಕೊಳ್ಳೋರು. ಅವತ್ತು ಅರ್ಧ ಪಾತ್ರೆ ಹಾಗೇ ವಾಪಸ್ ಬಂತು.

ಸೀಸನ್ ಶುರುವಲ್ಲಿ ಹೆಲ್ಮೆಟ್ ಮುಂದೆ ಬಿಳಿ ಟೇಪ್ ಅಂಟಿಸಿ ಮಾರ್ಕರಲ್ಲಿ ಹೆಸರು ಬರೀತಾರೆ, ಕೋಚ್‌ಗಳಿಗೆ ಗುರುತು ಸಿಗಲಿ ಅಂತ. ನಮ್ಮ ಹೆಸರು ಉದ್ದ, ಟೇಪಲ್ಲಿ ಹಿಡಿಸಲ್ಲ, ಎಲ್ಲ ಕಡೆ ಅರ್ಧಕ್ಕೆ ಕತ್ತರಿಸಿಬಿಡ್ತಾರೆ. ಈ ಮನುಷ್ಯ ಮಾತ್ರ ಇನ್ನೊಂದು ತುಂಡು ಟೇಪ್ ಹರಿದು ಪಕ್ಕಕ್ಕೆ ಅಂಟಿಸಿ ಪೂರ್ತಿ ಹೆಸರು ಬರೆದು, ಪುಟ್ಟನ ಕೈಲಿ ನಾಲ್ಕು ಸಲ ಹೇಳಿಸಿ, ತಾನೂ ಸರಿಯಾಗಿ ಹೇಳೋದು ಕಲಿತಿದ್ದ. ಆ ಟೇಪು ಕೊಳೆಯಾಗಿ ಅಂಚೆಲ್ಲ ಸುರುಟಿಕೊಂಡ್ರೂ ಪುಟ್ಟ ಸೀಸನ್ ಮುಗಿಯೋವರೆಗೂ ಕೀಳಲೇ ಇಲ್ಲ. ಕಾರಲ್ಲಿ ಹೆಲ್ಮೆಟ್ ತೊಡೆ ಮೇಲೆ ಇಟ್ಕೊಂಡು ಬೆರಳಲ್ಲಿ ಆ ಅಂಚನ್ನ ಒತ್ತುತ್ತಾ ಕೂತಿರೋನು. ಒಂದೇ ಸಲ ಕೇಳಿದ, ‘ನಮಗೆ ಬಾಯ್ ಅಂತಾದ್ರೂ ಹೇಳಬಹುದಿತ್ತಲ್ಲ ಅಮ್ಮ, ನಾವೇನು ಮಾಡಿದ್ವಿ’ ಅಂತ. ಆ ಕೋಚಿಗೆ ಏನು ಕಷ್ಟ ಇತ್ತೋ, ನಾನು ಅವರನ್ನ ಬಯ್ಯಲ್ಲ, ಒಂದು ದಿನ ಬಂದು ಹುಡುಗರ ಮುಂದೆ ನಿಂತು ಹೋಗ್ತಿದೀನಿ ಕಣ್ರೋ ಅಂದಿದ್ರೆ ಸಾಕಿತ್ತು. ಅವರಿಗೆ ಆಗಲಿಲ್ವೋ ಸ್ಕೂಲಿನವರು ಬಿಡಲಿಲ್ವೋ.

ಅದಕ್ಕೇ ಕೆನಡಿ ವಿಷಯದಲ್ಲಿ ನನಗೆ ಕಷ್ಟ ಆಗೋದು ಅವರು ಪ್ರಾರ್ಥನೆ ಮಾಡಿದ್ದಕ್ಕಲ್ಲ ಚಿಕ್ಕಪ್ಪ. ಅವರಿಗೆ ಆ ಹಕ್ಕಿದೆ ಅಂತ ಕೋರ್ಟ್ ಹೇಳಿದೆ, ಒಬ್ಬರೇ ಊರಲಿ, ನನಗೇನೂ ಅಡ್ಡಿಯಿಲ್ಲ. ಆದ್ರೆ ಸೀಸನ್ನು ಬರೀ ಹತ್ತು ವಾರದ ಚಿಲ್ಲರೆ. ಮನೇಲಿ ಹುಷಾರಿಲ್ಲ ಅನ್ನೋದೊಂದೇ ಬರೆದಿದ್ರೆ ನಾನು ಇಷ್ಟು ಮಾತಾಡ್ತಾನೇ ಇರಲಿಲ್ಲ. ನನ್ನ ಕೆಲಸ ಹೊರಗಡೆ ಇದೆ ಅಂತ ಇನ್ನೂ ಒಂದು ಬರೆದ್ರಲ್ಲ, ಹಾಗಾದ್ರೆ ಆ ಹುಡುಗರು ಯಾರ ಕೆಲಸ?

ಮತ್ತೆ ಆ ವಿಡಿಯೋ ಬೇರೆ ಗ್ರೂಪಿಗೆ ಕಳಿಸೋ ಮುಂಚೆ ‘ರಾಜೀನಾಮೆ ಕೊಡಿಸಿದ್ರು’ ಅನ್ನೋದು ಸುಳ್ಳು ಅಂತ ಒಂದು ಲೈನ್ ಸೇರಿಸಿ ಚಿಕ್ಕಪ್ಪ, ಪ್ಲೀಸ್. ಅಣ್ಣ ನೀನೂ ಸ್ವಲ್ಪ ಮೆತ್ತಗೆ ಬರಿ, ಭಕ್ತಿಯನ್ನೆಲ್ಲ ನಾಟಕ ಅಂದ್ರೆ ದೊಡ್ಡಮ್ಮ ಓದ್ತಾರೆ. ಪುಟ್ಟ ಈಗ ಹನ್ನೆರಡನೇ ಕ್ಲಾಸು, ಇದು ಅವನ ಕೊನೇ ಸೀಸನ್ನು, ಹೊಸ ಕೋಚ್ ಬಂದು ಎರಡನೇ ವರ್ಷ, ಅವರೂ ಪರವಾಗಿಲ್ಲ. ಶನಿವಾರ ನಮಗೆ ಬೆಳಿಗ್ಗೆ ಹತ್ತು ನಿಮಗೆ ರಾತ್ರಿ ಹತ್ತೂವರೆ, ಎದ್ದಿದ್ರೆ ವಿಡಿಯೋ ಕಾಲ್ ಮಾಡಿ, ನೀವು ಅವನನ್ನೇ ಕೇಳಿ ಮಂಡಿಯೂರ್ತೀಯೇನೋ ಇಲ್ವೇನೋ ಅಂತ. ನನಗೆ ಅವನು ಇವತ್ತಿಗೂ ಹೇಳಿಲ್ಲ.