ಸಮಸ್ಯಾಪೂರಣ: ಒಳ್ಳೆಯವನಿಂದಲೇ ಕೇಡಾಯ್ತು ನನಗೆ

ಸಮಸ್ಯೆ:
ಗೆಳೆಯರೇ, ಕೊಟ್ಟ ಸಾಲನ್ನು ಸೇರಿಸಿ ಪದ್ಯ ಪೂರ್ತಿ ಮಾಡಬೇಕು. ಈ ವಾರದ ಸಾಲು ಇದು.

ಒಳ್ಳೆಯವನಿಂದಲೇ ಕೇಡಾಯ್ತು ನನಗೆ

ಚೌಪದಿಯ (ನಾಲ್ಕು ಸಾಲಿನ ಪದ್ಯದ) ಕೊನೆಯ ಸಾಲಾಗಿ ಬರಬೇಕು. 5 ಮಾತ್ರೆಯ ಗಣ (ಹ್ರಸ್ವ ಅಕ್ಷರಕ್ಕೆ 1 ಮಾತ್ರೆ, ದೀರ್ಘಕ್ಕೂ ಒತ್ತಕ್ಷರದ ಹಿಂದಿನ ಅಕ್ಷರಕ್ಕೂ 2; ಗಣ ಅಂದರೆ ಮಾತ್ರೆಗಳ ಗುಂಪು). 1 ಮತ್ತು 3ನೇ ಸಾಲಿಗೆ 20 ಮಾತ್ರೆ, 2 ಮತ್ತು 4ನೇ ಸಾಲಿಗೆ 18. ಆದಿಪ್ರಾಸ (ಪ್ರತಿ ಸಾಲಿನ ಎರಡನೇ ಅಕ್ಷರದ ಪ್ರಾಸ) ‘ಳ್ಳ’ ಬಿಡುವಂತಿಲ್ಲ. ‘ಒಳ್ಳೆಯವನ ಹಾಗೆ ನಟಿಸಿದ’ ಅಂತ ಜಾರಿಕೊಳ್ಳಬೇಡಿ, ಅದು ತೀರಾ ಸುಲಭ. ಅವನು ನಿಜಕ್ಕೂ ಒಳ್ಳೆಯವನೇ ಆಗಿರಬೇಕು.

ಪೂರಣ 1:
ಮುಳ್ಳ ದಾರಿಯ ತುಳಿಯೆ ತಡೆಯದಾದನು ಗೆಳೆಯ,
ಸುಳ್ಳೆ ಹೊಗಳಿದನೆನ್ನ ಮನ ನೋಯದಿರಲು;
ಹಳ್ಳಕ್ಕೆ ಬಿದ್ದಾಗ ಕಣ್ಣೀರು ಸುರಿಸಿದನು,
ಒಳ್ಳೆಯವನಿಂದಲೇ ಕೇಡಾಯ್ತು ನನಗೆ!

– ಸುಳ್ಳೇ ಹೊಗಳಿದವನು ಒಳ್ಳೆಯವನು ಹೇಗೆ ಸರ್?

– ನೋಯಿಸಬಾರದು ಅನ್ನುವುದಷ್ಟೇ ಅವನ ಮನಸ್ಸಿನಲ್ಲಿತ್ತು ಮೇಡಂ. ಆ ಕಣ್ಣೀರೂ ನಿಜವೇ. ಧೈರ್ಯ ಸಾಲಲಿಲ್ಲ, ಅಷ್ಟೇ. ಇಂಥವರ ಮೇಲೆ ಸಿಟ್ಟು ಮಾಡಿಕೊಳ್ಳೋದಕ್ಕೂ ಆಗುವುದಿಲ್ಲ ನೋಡಿ, ಕಷ್ಟ ಇರುವುದೇ ಅಲ್ಲಿ. ಕೆಟ್ಟವನಾದರೆ ಸುಮ್ನೆ ದೂರ ಇಟ್ಟುಬಿಡಬಹುದಿತ್ತು.

ಪೂರಣ 2: (ಇಲ್ಲಿ ಮಾತಾಡುತ್ತಿರುವುದು ಹಗೆ)
ಸುಳ್ಳುಮಾತಿನ ಕಿಡಿಯ ನಾನೂದಿ ಉರಿಸಿದೆನು,
ಕೊಳ್ಳಿಯಿಟ್ಟೆನು ಕೂಡಿ ಬಾಳ್ವವರ ನಡುವೆ;
ತಳ್ಳಿಹಾಕಿದನಣ್ಣ, ತಮ್ಮನನು ತಬ್ಬಿದನು,
ಒಳ್ಳೆಯವನಿಂದಲೇ ಕೇಡಾಯ್ತು ನನಗೆ!

– ಭಲೇ! ಕೇಡಿಗೇ ಕೇಡು.

– ಚೆನ್ನಾಗಿದೆ, ಆದರೆ ಜಾಣತನ ಜಾಸ್ತಿಯಾಯ್ತು. ಮೊದಲನೆಯದು ಕುಟುಕಿದ ಹಾಗೆ ಇದು ಕುಟುಕಲಿಲ್ಲ.

ಪೂರಣ 3: (ದ್ರೌಪದಿಯ ಮಾತು)
ಕಳ್ಳ ದಾಳವನೆಸೆದ ಶಕುನಿಯನು ದೂರಲೇ
ಸುಳ್ಳನಾಡದ ಗಂಡ ಪಣಕಿಟ್ಟ ಮೇಲೆ?
ಎಳ್ಳಷ್ಟು ದನಿಯಿಲ್ಲ ಸಭೆಯ ಹಿರಿಯರಿಗೆಲ್ಲ,
ಒಳ್ಳೆಯವನಿಂದಲೇ ಕೇಡಾಯ್ತು ನನಗೆ!

– ಅಬ್ಬಾ! ಸಮಸ್ಯೆಯ ಸಾಲು ಅವಳಿಗಾಗಿಯೇ ಹುಟ್ಟಿದ ಹಾಗಿದೆ.

– ‘ಸುಳ್ಳನಾಡದ ಗಂಡ’ ಅಂದಿರಿ. ‘ಅಶ್ವತ್ಥಾಮ ಸತ್ತ’ ಅಂತ ದ್ರೋಣನಿಗೆ ಹೇಳಿದ್ದು ಏನಾಯ್ತು?

– ಅದು ಯುದ್ಧದ 15ನೇ ದಿನದ ಮಾತು ಸರ್. ಜೂಜು ನಡೆದಾಗ ವನವಾಸ, ಅಜ್ಞಾತವಾಸ ಸೇರಿ 13 ವರ್ಷ ಇನ್ನೂ ಮುಂದಿತ್ತು. ಅಲ್ಲಿಯವರೆಗೆ ಧರ್ಮರಾಯನ ಮೇಲೆ ಆ ದೂರಿಲ್ಲ.

– ಸರಿ, ಒಪ್ಪಿದೆ. ಆದರೆ ಮೂರನೇ ಸಾಲಿಗೆ ತಕರಾರಿದೆ. ವಿದುರ ವಿರೋಧಿಸಿದ್ದ. ಕೌರವರಲ್ಲೇ ಒಬ್ಬ, ವಿಕರ್ಣ, ಎದ್ದು ನಿಂತು ಅವಳ ಪರ ಮಾತಾಡಿದ.

– ಆ ಹೊತ್ತಿನಲ್ಲಿ ಅವಳಿಗೆ ಕಂಡದ್ದು ಭೀಷ್ಮ, ದ್ರೋಣರ ತಗ್ಗಿದ ತಲೆಗಳು. ವಿಕರ್ಣ ಹಿರಿಯನೂ ಅಲ್ಲ, ಅಲ್ವಾ?

ಸಮಸ್ಯೆ ಕೊಟ್ಟವರು:
ಜಾಣ ಉತ್ತರ! ನನ್ನ ಓಟು ಮೂರನೆಯದಕ್ಕೆ. ವಿಕರ್ಣನ ಹೆಸರು ಬಂದದ್ದು ಒಳ್ಳೇದೇ ಆಯ್ತು, ಮುಂದಿನ ಸಾಲು ಹೊಳೆಯಿತು. ‘ಕೆಟ್ಟವನ ಗೆಳೆತನವೆ ಒಳಿತಾಯ್ತು ನನಗೆ’. ಪ್ರಾಸ ‘ಟ್ಟ’. ಕರ್ಣ, ದುರ್ಯೋಧನರನ್ನು ಮಾತ್ರ ತರಬೇಡಿ, ಎಲ್ಲರಿಗೂ ಮೊದಲು ನೆನಪಾಗುವುದು ಅವರೇ.